ಲಸಿಕೆಯ ನಂತರ ಕೆಂಪಾದ ಕಣ್ಣು

ಹೆಪಟೈಟಿಸ್ ಬಿ ಲಸಿಕೆಯ ಎರಡನೆಯ ಡೋಸ್ ಹಾಕಿಸಿಕೊಂಡ ಹನ್ನೆರಡನೆಯ ದಿನ ನಿಮ್ಮ ತಂಗಿಯ ಬಲಗಣ್ಣು ಕೆಂಪಾಯಿತು, ಬೆಳಕು ನೋಡಿದರೆ ನೋವು. ವೈದ್ಯರು 'ಯುವಿಯೈಟಿಸ್', ಅಂದರೆ ಕಣ್ಣಿನ ನಡುಪದರದ ಉರಿಯೂತ, ಎಂದರು. ಇದು ಲಸಿಕೆಯಿಂದಲೇ ಆಯಿತೇ, ಮೂರನೆಯದನ್ನು ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ.

ನಿಮ್ಮ ಅನುಮಾನ ಹುರುಳಿಲ್ಲದ್ದಲ್ಲ. ಲಸಿಕೆಯ ಬೆನ್ನಿಗೆ ಯುವಿಯೈಟಿಸ್ ಬಂದ ವರದಿಗಳನ್ನು ಅಮೆರಿಕದ ನೇತ್ರತಜ್ಞರು ಕಲೆಹಾಕಿ 2016ರಲ್ಲಿ ಪ್ರಕಟಿಸಿದರು. ಹಲವು ದಶಕಗಳಲ್ಲಿ ಸಿಕ್ಕಿದ್ದು 289. ಅವುಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯದೇ ದೊಡ್ಡ ಪಾಲು. ಅರ್ಧದಷ್ಟು ಜನರಿಗೆ ಹದಿನಾರು ದಿನಗಳ ಒಳಗೇ ಲಕ್ಷಣ ಕಂಡಿತ್ತು. ಆದರೆ ಆ ಅವಧಿಯಲ್ಲಿ ಹಾಕಿದ ಲಸಿಕೆಗಳು ಕೋಟಿಗಟ್ಟಲೆ. ಲಸಿಕೆಯ ಸಂಬಂಧವೇ ಇಲ್ಲದೆಯೂ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 17ರಿಂದ 52 ಮಂದಿಗೆ ಯುವಿಯೈಟಿಸ್ ಬರುತ್ತದೆ. ಹೀಗಿರುವಾಗ ಕೆಲವರಿಗೆ ಲಸಿಕೆಯ ಮರುವಾರವೇ ಬರುವುದು ಕಾಕತಾಳೀಯವೂ ಆಗಿರಬಹುದು. ಒಬ್ಬರ ಕಣ್ಣನ್ನು ನೋಡಿ ಇದನ್ನು ಬಿಡಿಸಿ ಹೇಳುವ ಪರೀಕ್ಷೆ ಇಲ್ಲ. ಮೊದಲನೆಯ ಡೋಸ್ ನಂತರವೂ ಹೀಗೇ ಆಗಿತ್ತೇ ಎಂದು ತಂಗಿಯನ್ನು ಕೇಳಿ. ಪ್ರತಿ ಸಲವೂ ಮರುಕಳಿಸಿದರೆ ಅನುಮಾನಕ್ಕೆ ನಿಜವಾದ ಬಲ ಬರುತ್ತದೆ.

ನನಗೆ ದಿಗಿಲು ಹುಟ್ಟಿಸಿದ್ದು ನಿಮ್ಮ ಪತ್ರದ ಇನ್ನೊಂದು ಸಾಲು: 'ಕೆಂಪು ಇಳಿಯಿತು, ಹನಿ ನಿಲ್ಲಿಸಿದ್ದೇವೆ.' ದಯವಿಟ್ಟು ಇಂದೇ ವೈದ್ಯರಿಗೆ ತಿಳಿಸಿ. ಇದು ಸಾಮಾನ್ಯ ಕಣ್ಣುಬೇನೆಯಲ್ಲ, ಕಣ್ಣಿನ ನಡುಪದರದ ಉರಿಯೂತ. ಸ್ಟೀರಾಯ್ಡ್ ಹನಿಯನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತ ಬರಬೇಕು, ಥಟ್ಟನೆ ಬಿಟ್ಟರೆ ಉರಿಯೂತ ಮರಳಬಹುದು. ಹಾಗೆಂದು ತಾವಾಗಿಯೇ ಮುಂದುವರಿಸಿದರೆ ಕಣ್ಣಿನ ಒತ್ತಡ ಏರುವ ಅಪಾಯವಿದೆ. ಪಾಪೆ ಹಿಗ್ಗಿಸುವ ಇನ್ನೊಂದು ಹನಿ ಕೊಟ್ಟಿದ್ದರೆ, ಅದು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ತನ್ನ ಹಿಂದಿರುವ ಮಸೂರಕ್ಕೆ ಅಂಟಿಕೊಳ್ಳದಿರಲೆಂದು. ಓದಲು ಮಸುಕಾಗುತ್ತದೆಂದು ಅದನ್ನು ಬಿಡುವುದೂ ಬೇಡ.

ಮೂರನೆಯ ಡೋಸ್ ಬಗ್ಗೆ ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಕಣ್ಣಿನ ವೈದ್ಯರೂ ಲಸಿಕೆ ಕೊಟ್ಟವರೂ ಸೇರಿ ನಿರ್ಧರಿಸಲಿ. ಉರಿಯೂತ ಪೂರ್ತಿ ತಣಿಯುವ ತನಕ ಕಾಯಲು ಹೇಳಬಹುದು, ರಕ್ತದಲ್ಲಿ ರಕ್ಷಣೆ ಈಗಾಗಲೇ ಎಷ್ಟು ಬಂದಿದೆಯೆಂದು ನೋಡಬಹುದು. ಲಸಿಕೆ ತಪ್ಪಿದರೆ ಉಳಿಯುವುದು ಯಕೃತ್ತನ್ನೇ ಹಾಳುಮಾಡುವ ಕಾಯಿಲೆಯ ಭಯ ಎಂಬುದೂ ಆ ಮಾತುಕತೆಯಲ್ಲಿ ಇರಲಿ. ಲಸಿಕೆ ಹಾಕಿದ ದಿನಾಂಕ, ಬ್ಯಾಚ್ ಸಂಖ್ಯೆ, ಕಣ್ಣು ಕೆಂಪಾದ ದಿನ ಇಷ್ಟನ್ನೂ ಬರೆದುಕೊಂಡು ಹೋಗಿ, ಅಡ್ಡಪರಿಣಾಮದ ವರದಿ ಸಲ್ಲಿಸುವಂತೆ ವೈದ್ಯರನ್ನು ಕೇಳಿ. ಆ 289 ಪ್ರಕರಣಗಳು ಲೆಕ್ಕಕ್ಕೆ ಸಿಕ್ಕಿದ್ದು ಯಾರೋ ಹೀಗೆ ಬರೆದು ಕಳಿಸಿದ್ದರಿಂದಲೇ.

ತಂಗಿಯ ಕಣ್ಣು ಹೇಗಿದೆಯೆಂದು ಮತ್ತೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ