ಆರ್ಥಿಕ ಹಿಂಜರಿತದ ಹೊತ್ತಲ್ಲಿ ಹುಬ್ಬಳ್ಳಿ ಬಿಟ್ಟು ಸಂಸಾರ ಸಮೇತ ಬೆಂಗಳೂರಿಗೆ ಹೋಗಬಹುದೇ?

ನೀವು ಕೊಟ್ಟಿರುವ ವಿವರ ಇಷ್ಟು: ಹುಬ್ಬಳ್ಳಿಯ ಖಾಸಗಿ ಕಂಪನಿಯಲ್ಲಿ 4 ವರ್ಷ 7 ತಿಂಗಳ ಸರ್ವಿಸ್, ಕೈಗೆ ಬರುವ ಸಂಬಳ 38,000. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು 62,000 ಕೊಡುತ್ತೇವೆ ಅಂದಿದೆ, ದಸರಾ ಮುಗಿದ ಮೇಲೆ ಜಾಯಿನಿಂಗ್. ಮನೆಯಲ್ಲಿ ಹೆಂಡತಿ, ಒಂದನೇ ಕ್ಲಾಸಿನ ಮಗಳು. ದಿನ ಬೆಳಗಾದರೆ ಲೇಆಫ್ ಸುದ್ದಿ. ಹೋಗಲೋ ಬೇಡವೋ ಅಂತ ಕೇಳಿದ್ದೀರಿ.

ಹೋಗಿ. ಆದರೆ ಮೊದಲ ಆರು ತಿಂಗಳು ನೀವೊಬ್ಬರೇ ಹೋಗಿ, ಮನೆ ಹುಬ್ಬಳ್ಳಿಯಲ್ಲೇ ಇರಲಿ. ಮಾರುಕಟ್ಟೆ ಬಿದ್ದಾಗ ಕಂಪನಿಗಳು ಸಾಮಾನ್ಯವಾಗಿ ಮೊದಲು ಕೈಬಿಡುವುದು ಪ್ರೊಬೇಷನ್‌ನಲ್ಲಿ, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿಯಲ್ಲಿ ಇರುವವರನ್ನೇ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಆದರೆ ಮನೆ ಬದಲಿಸಲು ಸುರಿದ ದುಡ್ಡು ವಾಪಸ್ ಬರುವುದಿಲ್ಲ. ಬಹಳ ಜನ ಬಾಡಿಗೆ ಎಷ್ಟು, ಸಂಬಳ ಎಷ್ಟು ಅಂತ ಮಾತ್ರ ಲೆಕ್ಕ ಹಾಕುತ್ತಾರೆ. ವಾಪಸ್ ಬರಬೇಕಾದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂಬ ಲೆಕ್ಕ ಯಾರೂ ಹಾಕುವುದಿಲ್ಲ.

ಅದನ್ನು ಈಗ ಹಾಕೋಣ. ಎರಡು ಬೆಡ್‌ರೂಮಿನ ಮನೆಗೆ 20,000 ಬಾಡಿಗೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೆಯ ರೂಢಿ, ಈಗ ಐದಾರು ತಿಂಗಳಿಗೆ ಒಪ್ಪುವವರು ಹೆಚ್ಚು. ಐದು ತಿಂಗಳದೇ ಅಂದರೂ ಒಂದು ಲಕ್ಷ ಅಲ್ಲಿ ಸಿಕ್ಕಿಬೀಳುತ್ತದೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ 20,000. ಸಾಮಾನು ಸಾಗಿಸಲು ಸುಮಾರು 30,000. ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಓನರ್ ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ ಇನ್ನೊಂದು 20,000. ನಾಲ್ಕನೇ ತಿಂಗಳಲ್ಲಿ ಕೆಲಸ ಹೋಗಿ ವಾಪಸ್ ಬರಬೇಕಾದರೆ ಲಾರಿಗೆ ಮತ್ತೆ 30,000. ಒಟ್ಟು ಒಂದು ಲಕ್ಷ ಕೈಬಿಟ್ಟಂತೆ, ಅಡ್ವಾನ್ಸ್ ಯಾವಾಗ ಬರುತ್ತದೋ ಅದು ಬೇರೆ. ಸಂಬಳದಲ್ಲಿ 24,000 ಹೆಚ್ಚಾದರೂ ಹುಬ್ಬಳ್ಳಿಯ 8,000 ಬಾಡಿಗೆಯ ಜಾಗದಲ್ಲಿ 20,000 ಬಂದರೆ ಉಳಿಯುವುದು ತಿಂಗಳಿಗೆ 12,000. ಶಾಲೆ, ಓಡಾಟ ಲೆಕ್ಕಕ್ಕೆ ಹಿಡಿಯದಿದ್ದರೂ ಆ ಒಂದು ಲಕ್ಷ ದುಡಿಯಲು ಎಂಟು ತಿಂಗಳಿಗೂ ಹೆಚ್ಚು ಬೇಕು. ಒಬ್ಬರೇ ಪಿಜಿಯಲ್ಲಿದ್ದರೆ ಊಟ ಸಮೇತ 10,000ದಿಂದ 12,000, ಊರಿಗೆ ಹೋಗಿಬರಲು ಮೂರು ಸಾವಿರ. ಉಳಿತಾಯ ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಯಾವತ್ತು ಬೇಕಾದರೂ ಬ್ಯಾಗ್ ಎತ್ತಿಕೊಂಡು ಬರಬಹುದು.

ಆರು ತಿಂಗಳು ಅಂತ ಹೇಳಲು ಇನ್ನೊಂದು ಕಾರಣ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂ ಪ್ರಕಾರ ಸತತ ಆರು ತಿಂಗಳು ಸೇವೆ ಮಾಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆದರೂ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ದುರ್ನಡತೆಯ ಪ್ರಕರಣಕ್ಕೆ ಮಾತ್ರ ಇದರಿಂದ ವಿನಾಯಿತಿ. ಆರು ತಿಂಗಳು ತುಂಬುವವರೆಗೆ ನಿಮಗೆ ಆಸರೆ ಆಫರ್ ಲೆಟರ್‌ನಲ್ಲಿ ಬರೆದಿರುವುದಷ್ಟೇ.

ಹಾಗಾಗಿ ಆ ಆಫರ್ ಲೆಟರ್ ಇನ್ನೊಮ್ಮೆ ಓದಿ. ಪ್ರೊಬೇಷನ್‌ನಲ್ಲಿ ಕಂಪನಿ ಕೊಡಬೇಕಾದ ನೋಟಿಸ್ ಎಷ್ಟು, ನೀವು ಕೊಡಬೇಕಾದ್ದು ಎಷ್ಟು ನೋಡಿ. ಅವರಿಗೆ 15 ದಿನ, ನಿಮಗೆ 90 ದಿನ ಅಂತ ಇದ್ದರೆ ಸಮ ಮಾಡಿಸಿಕೊಳ್ಳಿ, ಕೇಳಿದ ಮಾತ್ರಕ್ಕೆ ಆಫರ್ ಕಿತ್ತುಕೊಳ್ಳುವುದು ಅಪರೂಪ. ಸ್ಥಳಾಂತರದ ಭತ್ಯೆ ಕೊಟ್ಟಿದ್ದರೆ ಅದರ ಕೆಳಗೆ ‘ಒಂದು ವರ್ಷದೊಳಗೆ ಬಿಟ್ಟರೆ ವಾಪಸ್’ ಅಂತ ಇರುತ್ತದೆ. ‘ಕಂಪನಿಯೇ ತೆಗೆದರೆ ಇದು ಅನ್ವಯಿಸುವುದಿಲ್ಲ’ ಎಂಬ ಒಂದು ಸಾಲು ಸೇರಿಸಲು ಎಚ್‌ಆರ್‌ಗೆ ಮೇಲ್ ಹಾಕಿ. ಸಂಬಳದಲ್ಲಿ ವೇರಿಯಬಲ್, ಅಂದರೆ ಸಾಧನೆ ನೋಡಿ ಕೊಡುವ ಭಾಗ ಎಷ್ಟು ಅಂತಲೂ ಕೇಳಿ, ಹಿಂಜರಿತದಲ್ಲಿ ಮೊದಲು ಸೊರಗುವುದು ಅದೇ. ಜಾಯಿನಿಂಗ್ ದಿನಾಂಕ ಲಿಖಿತವಾಗಿ ಬರುವವರೆಗೆ ರಾಜೀನಾಮೆ ಬೇಡ. 2022ರ ನಂತರ ಆಫರ್ ಕೊಟ್ಟು ತಿಂಗಳುಗಟ್ಟಲೆ, ಕೆಲವರನ್ನು ವರ್ಷಕ್ಕೂ ಮೀರಿ ಕಾಯಿಸಿದ ಕಂಪನಿಗಳಿವೆ. ಇನ್ನು ಆಫರ್‌ಗೆ ಮುಂಗಡ ಕೇಳುವ ಕನ್ಸಲ್ಟೆನ್ಸಿಗಳ ಬಗ್ಗೆ ಹೇಳುವುದೇ ಬೇಡ, ದುಡ್ಡು ಕೇಳಿದರೆ ಅದು ಕೆಲಸವಲ್ಲ.

ಈಗ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕಂಪನಿ ಕೊಡುವ ಇಡಿಗಂಟು. ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ಮೂಲ ವೇತನ 20,000 ಇದ್ದರೆ ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಐದು ವರ್ಷಕ್ಕೆ ಲೆಕ್ಕ ಹಾಕಿ, 57,700ರ ಹತ್ತಿರ ಬರುತ್ತದೆ. ಎರಡು ತಿಂಗಳ ನೋಟಿಸ್ ಮುಗಿಸಿದರೂ ನಿಮ್ಮದು 4 ವರ್ಷ 9 ತಿಂಗಳು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿದೆ. ಅದನ್ನು ತೋರಿಸಿ ಲಿಖಿತ ಅರ್ಜಿ ಹಾಕಿ, ಆದರೆ ಕಂಪನಿ ಒಪ್ಪುತ್ತದೆ ಎಂದು ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದಕ್ಕಾಗಿ ಜಾಯಿನಿಂಗ್ ಮೂರು ತಿಂಗಳು ಮುಂದಕ್ಕೆ ಹಾಕಿ ಅಂತ ಕೇಳುವುದೂ ಬೇಡ. ಈ ಕಾಲದಲ್ಲಿ ಮುಂದಕ್ಕೆ ಹೋದ ಹುದ್ದೆ ಹಾಗೇ ಮಾಯವಾಗಬಹುದು. ‘ಇಷ್ಟು ಗ್ರಾಚ್ಯುಟಿ ಬಿಟ್ಟು ಬರುತ್ತಿದ್ದೇನೆ’ ಅಂತ ಅಂಕಿ ಇಟ್ಟು ಜಾಯಿನಿಂಗ್ ಬೋನಸ್ ಕೇಳಿ. ಸುಮ್ಮನೆ ಹೆಚ್ಚು ಕೊಡಿ ಅನ್ನುವುದಕ್ಕಿಂತ ಇದು ನಾಟುತ್ತದೆ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸ ಕಂಪನಿಯದು ಜಾಯಿನ್ ಆದ ಮೇಲೆ ಶುರು. ಅಲ್ಲಿ ಕೆಲಸ ಹೋದರೆ ಅದೂ ಇಲ್ಲ. ಅದಕ್ಕೇ ನೋಟಿಸ್ ಅವಧಿ ಶುರುವಾಗುವ ಮುಂಚೆಯೇ ಸ್ವಂತದ್ದೊಂದು ಫ್ಯಾಮಿಲಿ ಫ್ಲೋಟರ್, ಅಂದರೆ ಇಡೀ ಮನೆಗೆ ಒಂದೇ ಆರೋಗ್ಯ ವಿಮೆ ಮಾಡಿಸಿ. ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಕ್ಲೇಮ್ ಸಿಗುವುದಿಲ್ಲ, ಆ ಮೂವತ್ತು ದಿನ ಹಳೆಯ ಕಂಪನಿಯ ವಿಮೆಯ ನೆರಳಲ್ಲೇ ಕಳೆಯಲಿ. ಮೊದಲೇ ಇರುವ ಬಿಪಿ, ಶುಗರ್‌ನಂಥ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷ. ಈಗಿನ ಗುಂಪು ವಿಮೆಯ ಕಂಪನಿಯಲ್ಲೇ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಹಾಗೆ ಮಾಡಿದರೆ ಈವರೆಗೆ ಕಳೆದ ಕಾಯುವ ಅವಧಿ ವ್ಯರ್ಥವಾಗುವುದಿಲ್ಲ. ರಾಜೀನಾಮೆ ಕೊಡುವ ಮುಂಚೆಯೇ ಎಚ್‌ಆರ್‌ನಿಂದ ಪಾಲಿಸಿ ನಂಬರ್ ತೆಗೆದಿಟ್ಟುಕೊಳ್ಳಿ.

ಪಿಎಫ್ ತೆಗೆಯಬೇಡಿ, ವರ್ಗಾಯಿಸಿ. ತೊಡಕಾಗುವುದು ಹಳೆಯ ಕಂಪನಿ ಹಾಕುವ ನಿರ್ಗಮನ ದಿನಾಂಕದಲ್ಲಿ. ಅದು ಹೊಸ ಕಂಪನಿಯ ಜಾಯಿನಿಂಗ್ ದಿನಾಂಕದ ಆಚೆಗೆ ಹೋದರೆ ವರ್ಗಾವಣೆಗೆ ಸ್ಪಷ್ಟೀಕರಣ ಕೇಳಬಹುದು, ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲೂ ಪ್ರಶ್ನೆ ಏಳುತ್ತದೆ. ಅವರು ದಿನಾಂಕವನ್ನೇ ಹಾಕದಿದ್ದರೆ ಬಿಟ್ಟು ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಆರು ತಿಂಗಳ ಓಡಾಟದ ಬಗ್ಗೆ ಒಂದು ಮಾತು. 2023ರಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಬೆಂಗಳೂರಿನಿಂದ ಬೆಳಿಗ್ಗೆ ಹೊರಡುವ ರೈಲು, ಶುಕ್ರವಾರ ಸಂಜೆ ಆಫೀಸ್ ಬಿಟ್ಟವರಿಗೆ ಕೆಲಸಕ್ಕೆ ಬಾರದು. ನಿಮಗೆ ಬೇಕಾದ್ದು ರಾಣಿ ಚೆನ್ನಮ್ಮದಂಥ ರಾತ್ರಿ ರೈಲು. ರಿಸರ್ವೇಷನ್ ತೆರೆಯುವುದು 60 ದಿನ ಮುಂಚೆ. ಶುಕ್ರವಾರ ಹೋಗಿ ಭಾನುವಾರ ಬರುವ ಟಿಕೆಟ್‌ಗಳನ್ನು ಆವತ್ತೇ ತೆಗೆಯಿರಿ, ಬೇಡವಾದರೆ ರದ್ದು ಮಾಡಿದರಾಯಿತು. ಹಬ್ಬದ ವಾರದಲ್ಲಿ ಖಾಸಗಿ ಬಸ್ಸಿನವರು ಕೇಳುವ ರೇಟ್ ನಿಮಗೆ ಗೊತ್ತೇ ಇದೆ.

ಪ್ರೊಬೇಷನ್ ಮುಗಿದು ಕನ್ಫರ್ಮೇಷನ್ ಪತ್ರ ಕೈಗೆ ಬಂದ ಮೇಲೆ ಮನೆ ಹುಡುಕಿ. ಜನ ಲೇಆಫ್ ಇದೆ, ಬಾಡಿಗೆ ಇಳಿದಿರುತ್ತದೆ ಅಂದುಕೊಳ್ಳುತ್ತಾರೆ. ಇಳಿಯಲೇಬೇಕೆಂದಿಲ್ಲ. 2022-23ರಲ್ಲಿ ಐಟಿ ನೇಮಕಾತಿ ಕುಸಿಯುತ್ತಿದ್ದಾಗಲೇ ಎಲ್ಲರನ್ನೂ ಆಫೀಸಿಗೆ ಕರೆದದ್ದರಿಂದ ಬೆಂಗಳೂರಿನ ಬಾಡಿಗೆ ಜಿಗಿಯಿತು. ಓನರ್ ಬಾಡಿಗೆ ಬಿಡುವುದಿಲ್ಲ, ಅಡ್ವಾನ್ಸ್ ಬಿಡುತ್ತಾರೆ. ಅಲ್ಲೇ ಚೌಕಾಸಿ ಮಾಡಿ. ಎರಡೇ ತಿಂಗಳ ಅಡ್ವಾನ್ಸ್ ಎನ್ನುವ 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿ ವಾದ ಮಾಡಬೇಡಿ, ಅದು ಕೇಂದ್ರ ಬರೆದ ಮಾದರಿ ಮಾತ್ರ, ರಾಜ್ಯ ಜಾರಿಗೆ ತಂದರಷ್ಟೇ ಕಾನೂನು.

ಮನೆಯನ್ನು ಈ ಆಫೀಸಿನ ಪಕ್ಕ ಮಾಡಬೇಡಿ, ಮುಂದಿನ ಆಫೀಸಿಗೂ ಹೋಗಲು ಆಗುವ ಕಡೆ ಮಾಡಿ. ಹಿಂಜರಿತದಲ್ಲಿ ವರ್ಷದೊಳಗೆ ಕಂಪನಿ ಬದಲಾದರೂ ಆಶ್ಚರ್ಯವಿಲ್ಲ. ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ, 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಆರ್‌.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಓಡುತ್ತದೆ. ವಿಜಯನಗರ, ಅತ್ತಿಗುಪ್ಪೆ ಕಡೆ ಇದ್ದರೆ ಮೆಜೆಸ್ಟಿಕ್‌ನಲ್ಲೂ ಆರ್‌.ವಿ. ರಸ್ತೆಯಲ್ಲೂ ಬದಲಿಸಿಕೊಂಡು ಈ ಮೂರೂ ಮಾರ್ಗಗಳ ಆಫೀಸುಗಳು ಕೈಗೆಟಕುತ್ತವೆ. ಪ್ರಯಾಣ ಉದ್ದವಾಗುತ್ತದೆ, 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಒಂದು ಬದಿಗೆ ಗರಿಷ್ಠ 90 ರೂಪಾಯಿ ಆಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ‘ಮುಂದೆ ಇಲ್ಲೇ ಮೆಟ್ರೋ ಬರುತ್ತೆ ಸಾರ್’ ಎಂದು ಬಾಡಿಗೆ ಏರಿಸುವವರು ಇದ್ದಾರೆ. ಓಡುತ್ತಿರುವ ರೈಲಿಗೆ ಮಾತ್ರ ದುಡ್ಡು ಕೊಡಿ.

ಕರಾರು ಪತ್ರ 11 ತಿಂಗಳಿಗೆ ಇರುತ್ತದೆ, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು ಅನ್ನುವುದೇ ಕಾರಣ. ಅದರಲ್ಲಿ ಲಾಕ್-ಇನ್, ಅಂದರೆ ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು ಇದ್ದರೆ ಹೊಡೆದು ಹಾಕಿಸಿ. ಆಗದಿದ್ದರೆ ‘ಕೆಲಸ ಹೋದ ಪತ್ರ ತೋರಿಸಿದರೆ ಲಾಕ್-ಇನ್ ಅನ್ವಯಿಸದು’ ಎಂದು ಬರೆಸಿ. ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ ಎಂಬುದು ಅಂಕಿಯಲ್ಲೇ ಬರಲಿ. ಅಡ್ವಾನ್ಸ್ ಕೀ ಕೊಟ್ಟ ದಿನವೇ ವಾಪಸ್ ಅಂತಲೂ ಬರೆಸಿ, ‘ಮುಂದಿನ ಬಾಡಿಗೆದಾರ ಬಂದ ಮೇಲೆ’ ಎಂಬ ಮಾತಿಗೆ ಸಹಿ ಹಾಕಬೇಡಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ಕೊಡುವ ಮುಂಚೆ ಬೆಸ್ಕಾಂ ಬಿಲ್, ತೆರಿಗೆ ರಸೀದಿಯಲ್ಲಿರುವ ಹೆಸರು ಸಹಿ ಮಾಡುವವರದೇ ಹೌದಾ ನೋಡಿ.

ಒಂದು ಬಲೆಗೆ ಬೀಳಬೇಡಿ: ಲೀಸ್, ಅಂದರೆ ಭೋಗ್ಯ. ‘ಹದಿನೈದು ಲಕ್ಷ ಕೊಡಿ, ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್’ ಎಂಬ ಮಾತು ಸಂಬಳ ನಡುಗುವ ಕಾಲದಲ್ಲಿ ಸಿಹಿಯಾಗಿ ಕೇಳಿಸುತ್ತದೆ. ಜನ ಊರಿನ ಸೈಟ್ ಮಾರಿ, ಬಂಗಾರ ಅಡವಿಟ್ಟು ಕೊಡುತ್ತಾರೆ. ಆ ದುಡ್ಡನ್ನು ಓನರ್ ಬೇರೆಲ್ಲೋ ಹಾಕಿರುತ್ತಾರೆ, ಅವರ ವ್ಯಾಪಾರವೂ ಇದೇ ಹಿಂಜರಿತದಲ್ಲಿ ಬಿದ್ದರೆ ನಿಮ್ಮ ಹದಿನೈದು ಲಕ್ಷ ಅದರ ಜೊತೆ ಹೋಗುತ್ತದೆ. ಮನೆಯ ಮೇಲೆ ಸಾಲವಿದ್ದು ಕಂತು ನಿಂತರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ನೋಂದಣಿಯಿಲ್ಲದ ನಿಮ್ಮ ಕಾಗದಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ನಿಮ್ಮಿಂದ ಲೀಸ್ ದುಡ್ಡು ತೆಗೆದುಕೊಂಡು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುವ ಮಧ್ಯವರ್ತಿ ಕಂಪನಿಗಳೂ ಇವೆ. ಅವರು ಕೈಎತ್ತಿದ ದಿನ ಓನರ್ ಬಂದು ‘ನನಗೆ ನೀವು ಯಾರೋ ಗೊತ್ತಿಲ್ಲ’ ಅನ್ನುತ್ತಾರೆ. ಲೀಸೇ ಬೇಕು ಅಂದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ, ಮೂಲ ಪತ್ರ ಇಟ್ಟು ತೆಗೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಆಸ್ತಿ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ತಾಣದಲ್ಲೂ ಹುಡುಕಿ, ನೇರ ಓನರ್ ಜೊತೆ ನೋಂದಾಯಿತ ಕರಾರು ಮಾಡಿ. ನನ್ನನ್ನು ಕೇಳಿದರೆ ಹೊಸಬರಿಗೆ ಬೇಡವೇ ಬೇಡ.

ನೀರಿನ ಬಗ್ಗೆ ಓನರ್‌ಗಿಂತ ಪಕ್ಕದ ಮನೆಯವರನ್ನು ಕೇಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು, ಅದರ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ ಬೇರೆಯೋ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ರೇಟ್ ಕೈಮೀರಿ, ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ಆದರೂ ‘ಲೈನ್ ಬಂದಿದೆ’ ಅನ್ನುವುದಕ್ಕೂ ನಲ್ಲಿಯಲ್ಲಿ ನೀರು ಬರುವುದಕ್ಕೂ ವ್ಯತ್ಯಾಸವಿದೆ. ಮನೆ ನೋಡಲು ಹೋದಾಗ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ. ನಲ್ಲಿಯ ಬಾಯಿಗೆ, ಸಿಂಕಿನ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅಲ್ಲಿ ಬರುತ್ತಿರುವುದು ಬೋರ್‌ವೆಲ್‌ನ ಗಡಸು ನೀರು.

ನಿಮ್ಮ ಅದೃಷ್ಟಕ್ಕೆ ದಿನಾಂಕಗಳು ಕೂಡಿಬಂದಿವೆ. ಅಕ್ಟೋಬರ್‌ನಲ್ಲಿ ಸೇರಿದರೆ ಆರು ತಿಂಗಳು ಮುಗಿಯುವುದು ಏಪ್ರಿಲ್‌ಗೆ, ಮಗಳ ಪರೀಕ್ಷೆ ಮುಗಿದಿರುತ್ತದೆ. ಬೆಂಗಳೂರಿನ ಹೆಸರಾಂತ ಖಾಸಗಿ ಶಾಲೆಗಳು ಹಿಂದಿನ ನವೆಂಬರ್‌ನಿಂದಲೇ ಸೀಟು ತುಂಬಿಸುತ್ತವೆ, ಅಲ್ಲಿ ಕಟ್ಟಿದ ಪ್ರವೇಶ ಶುಲ್ಕ ವಾಪಸ್ ಸಿಗುವುದು ಅನುಮಾನ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಮೇ ತಿಂಗಳಲ್ಲೂ ಜಾಗ ಸಿಗುತ್ತದೆ. ಟಿಸಿ ತೆಗೆಯುವಾಗ ಶಿಕ್ಷಣ ಇಲಾಖೆ ಮಕ್ಕಳಿಗೆ ಕೊಡುವ ಸ್ಯಾಟ್ಸ್ ನಂಬರ್ ಸರಿಯಿದೆಯಾ, ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತದಾ ನೋಡಿಕೊಳ್ಳಿ.

ಸಾಮಾನು ಸಾಗಣೆಗೆ ತಿಂಗಳ ಕೊನೆ ಮತ್ತು ಮೊದಲ ವಾರ ಬಿಟ್ಟು ನಡುವಿನ ದಿನ ಹಿಡಿಯಿರಿ. ಬೆಂಗಳೂರಿನಿಂದ ಸರಕು ತಂದು ಖಾಲಿ ಮರಳುವ ಲಾರಿ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ರಿಟರ್ನ್ ಲೋಡ್ ಅಂತ ಕೇಳಿದರೆ ಪ್ಯಾಕರ್ಸ್‌ನವರಿಗಿಂತ ಅಗ್ಗ. ಪ್ಯಾಕರ್ಸೇ ಬೇಕಾದರೆ ಫೋನಿನಲ್ಲೇ ರೇಟ್ ಹೇಳುವವರು ಬೇಡ, ಮನೆಗೆ ಬಂದು ಸಾಮಾನು ನೋಡಿ ಪಟ್ಟಿ ಬರೆಯುವವರನ್ನು ಹಿಡಿಯಿರಿ. ಕಡಿಮೆ ರೇಟ್ ಹೇಳಿ, ಸಾಮಾನು ಲಾರಿಗೆ ಏರಿದ ಮೇಲೆ ಇನ್ನಷ್ಟು ಕೇಳುವುದು ಹಳೆಯ ಮೋಸ. ಮುಕ್ಕಾಲು ಪಾಲು ದುಡ್ಡು ಇಳಿಸಿದ ಮೇಲೆ ಕೊಡಿ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ನಿಲ್ಲಿಸಿಯೇ ಸಾಗಿಸಿ, ಇಳಿಸಿ ಕೆಲವು ಗಂಟೆ ಬಿಟ್ಟು ಆನ್ ಮಾಡಿ. ಫ್ರಂಟ್‌ಲೋಡ್ ವಾಷಿಂಗ್ ಮಷೀನ್ ಇದ್ದರೆ ಕೊಂಡಾಗ ಜೊತೆಗೆ ಬಂದ ಟ್ರಾನ್ಸಿಟ್ ಬೋಲ್ಟ್ ಹಿಂದೆ ಹಾಕಿಸಿ, ಇಲ್ಲದಿದ್ದರೆ ನಾನೂರು ಕಿಲೋಮೀಟರ್ ಕುಲುಕಾಟಕ್ಕೆ ಡ್ರಮ್ ಹಾಳಾಗಬಹುದು.

ಉಳಿದದ್ದು ಚಿಲ್ಲರೆ ಕೆಲಸ. ರಾಜ್ಯದೊಳಗೇ ಆದ್ದರಿಂದ ಬೈಕಿಗೆ ಹೊಸ ನೋಂದಣಿ, ತೆರಿಗೆ ಇಲ್ಲ, ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ತೆಗೆದುಕೊಳ್ಳಿ. ಮತದಾರರ ಪಟ್ಟಿಗೆ ನಮೂನೆ 8. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಆಧಾರ್ ಹುಬ್ಬಳ್ಳಿ ಮನೆಯ ಮೀಟರ್‌ಗೆ ಜೋಡಿಸಿದ್ದರೆ ಮೊದಲು ಸೇವಾಸಿಂಧುವಿನಲ್ಲಿ ಡೀಲಿಂಕ್ ಮಾಡಿ, ಆಮೇಲೆ ಬೆಸ್ಕಾಂ ಖಾತೆಗೆ ಅರ್ಜಿ ಹಾಕಿ. ಬೆಂಗಳೂರಿನ ಮನೆಯಲ್ಲಿ ಹಿಂದಿನ ಬಾಡಿಗೆದಾರ ಡೀಲಿಂಕ್ ಮಾಡದೆ ಹೋಗಿದ್ದರೂ ನಿಮ್ಮ ಅರ್ಜಿ ಸಿಕ್ಕಿಕೊಳ್ಳುತ್ತದೆ, ಅದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಓನರ್ ಕೈಯಲ್ಲಿ ಮಾಡಿಸಿಕೊಳ್ಳಿ.