ಪ್ರಾರ್ಥನೆ ಮಾಡು ಅಂತಾರೆ, ಹೊಡೆತ ನಿಂತಿಲ್ಲ

ಪ್ರಶ್ನೆ: ಅಕ್ಕಾ, ನಾನು ಕ್ರೈಸ್ತಳು. ಗಂಡ ಕುಡಿದು ಬಂದು ಹೊಡೀತಾರೆ. ಚರ್ಚಲ್ಲಿ ಹೇಳ್ಕೊಂಡ್ರೆ ಸಹಿಸ್ಕೋ, ಪ್ರಾರ್ಥನೆ ಮಾಡು, ಯೇಸು ಬದಲಾಯಿಸ್ತಾನೆ ಅಂತಾರೆ. ತವರಿಗೆ ಹೋದ್ರೆ ನನ್ನ ವಿಶ್ವಾಸ ಕಮ್ಮಿ ಅಂತಾಗುತ್ತಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಖಂಡಿತ ಇಲ್ಲ ತಂಗಿ. ಪ್ರಾರ್ಥನೆ ಬಿಡಬೇಡ, ಆದ್ರೆ ಪ್ರಾರ್ಥನೆ ಅಂದ್ರೆ ಬಾಯಿ ಮುಚ್ಕೊಂಡಿರೋದು ಅಂತ ಯಾರು ಹೇಳಿದ್ದು? ಬೈಬಲ್‌ನಲ್ಲಿ ಬರೋ ಹನ್ನಳನ್ನ ನೆನಪಿಸ್ಕೋ, ಶಿಲೋವಿನ ಆಲಯದಲ್ಲಿ ಅವಳು ಅಳ್ತಾ ಪ್ರಾರ್ಥಿಸ್ತಿದ್ರೆ ಯಾಜಕ ಏಲಿ ಕುಡಿದಿದ್ದಾಳೆ ಅಂದ್ಕೊಂಡ, ಅವಳು ತಲೆ ತಗ್ಗಿಸಿ ಸುಮ್ಮನಾಗ್ಲಿಲ್ಲ, ಇಲ್ಲ ಸ್ವಾಮಿ, ನಾನು ಮನನೊಂದವಳು ಅಂತ ನೇರವಾಗೇ ಹೇಳಿದ್ಳು, ಆಮೇಲೆ ಅದೇ ಏಲಿ ಆಶೀರ್ವದಿಸಿ ಕಳಿಸ್ದ. ಹೆಂಡತಿ ಅಧೀನಳಾಗಿರಲಿ ಅಂತ ಓದೋರು ಬೈಬಲ್‌ನ ಎಫೆಸದವರಿಗೆ ಬರೆದ ಪತ್ರದ ಅದೇ 5ನೇ ಅಧ್ಯಾಯದಲ್ಲಿ, ಗಂಡ ಹೆಂಡತೀನ ತನ್ನ ಸ್ವಂತ ಶರೀರದ ಹಾಗೆ ಪ್ರೀತಿಸಬೇಕು ಅಂತಿರೋದನ್ನೂ ಓದ್ಲಿ, ನನಗಂತೂ ಇದ್ರಲ್ಲಿ ತುಂಬಾ ಸಿಟ್ಟಿದೆ.

ಹೊಡೆತ ಬಿದ್ದಾಗ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ತಕ್ಷಣ ಪೊಲೀಸ್ ಬೇಕಂದ್ರೆ 112. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಎಲ್ಲಾ ಧರ್ಮದ ಹೆಂಗಸರಿಗೂ ಇದೆ, ಡಿವೋರ್ಸ್ ಕೇಳದೇನೇ ಕೋರ್ಟಿಂದ ರಕ್ಷಣೆ ಆದೇಶ ತಗೋಬಹುದು, ಗಂಡನ ಮನೇಲಿ ಇರೋ ಹಕ್ಕೂ ಸಿಗುತ್ತೆ. ಸದ್ಯಕ್ಕೆ ತವರಿಗೆ ಹೋಗು, ಆಧಾರ್, ಮದುವೆ ಸರ್ಟಿಫಿಕೇಟ್ ಜೊತೇಲಿ ಇಟ್ಕೋ, ಗಾಯ ಆಗಿದ್ರೆ ಸರ್ಕಾರಿ ಆಸ್ಪತ್ರೇಲಿ ತೋರಿಸಿ ಚೀಟಿ ಬರೆಸ್ಕೋ.