ಮದುವೆಗೆ ಮುಂಚೆ ಗಂಡ ಮಾಡಿದ ಸಾಲವನ್ನು, ಅವರು ತೀರಿಕೊಂಡ ಮೇಲೆ ಹೆಂಡತಿ ಕಟ್ಟಬೇಕಾ?

ನಿಮ್ಮ ಸಂಬಳದಿಂದ ಕಟ್ಟಬೇಕಾಗಿಲ್ಲ ತಾಯಿ. ಮದುವೆಗೆ ಮುಂಚಿನ ಪರ್ಸನಲ್ ಲೋನ್, ಮದ್ದೂರಿನ ಪರಿಚಯದವರ ಕೈಸಾಲ, ಎರಡನ್ನೂ ಸಾಲ ಕೊಟ್ಟವರು ‘ಹೆಂಡತಿ ಅಂದ ಮೇಲೆ ನೀನೇ ತೀರಿಸಬೇಕು’ ಅನ್ನುತ್ತಿದ್ದಾರೆ, ಅತ್ತೆ ಮನೆಯವರೂ ಅದಕ್ಕೆ ಹೂಂ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಮಂಡ್ಯದ ಬ್ಯಾಂಕೊಂದರಲ್ಲಿ ಸಾಲ ವಸೂಲಿ ನೋಡಿಕೊಂಡಿದ್ದು ನಿವೃತ್ತನಾದವನು. ವಸೂಲಿಗೆ ಹೋದವರು ಈ ಮಾತು ಆಡೋದು ಬೇಕಾದಷ್ಟು ಕೇಳಿದ್ದೇನೆ. ಕಾನೂನಿನಲ್ಲಿ ಹಾಗಿಲ್ಲ.

ನೀವು ಜಂಟಿ ಸಾಲಗಾರರಾಗಿ ಅಥವಾ ಜಾಮೀನಿಗೆ ಸಹಿ ಹಾಕಿದ್ದರೆ ಮಾತು ಬೇರೆ. ಮದುವೆಯಾದ ಮೇಲೆ ನಿಮ್ಮವರು ಲೋನನ್ನು ಟಾಪ್‌ಅಪ್ ಮಾಡಿಸಿದ್ದರಾ, ಅಂದರೆ ಅದೇ ಲೋನಿನ ಮೇಲೆ ಇನ್ನಷ್ಟು ಸಾಲ ತೆಗೆದಿದ್ದರಾ? ಆಗ ನಿಮ್ಮ ಸಹಿ ತೆಗೆದುಕೊಂಡಿದ್ದರಾ? ನೆನಪು ಮಾಡಿಕೊಳ್ಳಿ.

ಸಹಿ ಇಲ್ಲದಿದ್ದರೆ, ಅವರು ಬಿಟ್ಟುಹೋದ ಆಸ್ತಿಯಿಂದ ಮಾತ್ರ ಸಾಲ ವಸೂಲಾಗಬೇಕು. ವಾರಸುದಾರರ ಕೈಗೆ ಎಷ್ಟು ಬಂತೋ ಅಷ್ಟಕ್ಕೇ ಹೊಣೆ ಅನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಂ. ಸಾಲ 6 ಲಕ್ಷ, ಅವರ ಖಾತೆಯಿಂದ ನಿಮಗೆ ಬಂದದ್ದು 1 ಲಕ್ಷ ಅಂದರೆ ಆ 1 ಲಕ್ಷಕ್ಕಷ್ಟೇ. ನಾಮಿನಿ ನೀವೇ ಆಗಿದ್ದರೂ ಆ ದುಡ್ಡು ಲೆಕ್ಕಕ್ಕೆ ಬರುತ್ತದೆ. ಆದರೆ ನಾಮಿನಿಗೆ ಬರುವ ಪಿಎಫ್ ಮೇಲೆ ಸಾಲ ಕೊಟ್ಟವರಿಗೆ ಹಕ್ಕಿಲ್ಲ. ತವರಿನಲ್ಲಿ ಹಾಕಿದ ಒಡವೆಯನ್ನಂತೂ ಯಾರೂ ಮುಟ್ಟೋ ಹಾಗಿಲ್ಲ.

ಗದ್ದೆ ವಿಷಯ ಕೇಳಿದ್ದೀರಿ. ನಿಮ್ಮದು ಹಿಂದೂ ಕುಟುಂಬ ಅಂದುಕೊಂಡು ಹೇಳುತ್ತೇನೆ. ಗದ್ದೆ ಅವರ ಸ್ವಂತ ಸಂಪಾದನೆಯದಾಗಿದ್ದು, ವಿಲ್ ಬರೆಯದೆ ಹೋಗಿದ್ದರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೂ, ತಾಯಿಗೂ, ಒಬ್ಬೊಬ್ಬ ಮಗುವಿಗೂ ಸಮಪಾಲು. ಪಾಲು ಬಂದಷ್ಟು ಹೊಣೆಯೂ ಬರುತ್ತದೆ, ನಿಮ್ಮ ಅತ್ತೆಗೂ. ಆಸ್ತಿ ನಮಗಿರಲಿ, ಸಾಲ ಸೊಸೆಗಿರಲಿ ಅಂದರೆ ನಡೆಯೋಲ್ಲ. ಸಾಲಕ್ಕೆ ಹೆದರಿ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸದೆ ಇರಬೇಡಿ. ಹೊಣೆ ಆ ಜಮೀನಿನ ಬೆಲೆಗಿಂತ ಜಾಸ್ತಿ ಆಗೋಲ್ಲ.

ನನಗೆ ಜಾಸ್ತಿ ಭಯ ಇರೋದು ಕೈಸಾಲದವರದ್ದೇ. ‘ಸುಮ್ನೆ ಒಂದು ಸಹಿ ಹಾಕಮ್ಮ’ ಅಂತ ಹೊಸ ಪ್ರೋನೋಟು, ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಡುವ ಪತ್ರ, ಹಿಡಿದು ಬರುತ್ತಾರೆ. ಹಾಕಬೇಡಿ. ಹಾಕಿದರೆ ನಿಮ್ಮ ಮೇಲೆ ದಾವೆ ಹೂಡೋಕೆ ನೀವೇ ಕಾಗದ ಕೊಟ್ಟ ಹಾಗೆ. ಮರ್ಯಾದೆಗೆ ಅಂತ ಐದು ಸಾವಿರ ಕೊಡೋದೂ ಬೇಡ. ಹಳೇ ಪ್ರೋನೋಟು ಬರೆದು 3 ವರ್ಷ ದಾಟಿ, ಮಧ್ಯೆ ನಿಮ್ಮವರು ಏನೂ ಕಟ್ಟದೆ, ಬರೆದೂ ಕೊಡದೆ ಇದ್ದರೆ, ಕೋರ್ಟಿನಲ್ಲಿ ಕೇಳುವ ಅವಧಿಯೇ ಮುಗಿದಿರುತ್ತದೆ. ಪ್ರೋನೋಟಿನ ನಕಲು ಕೇಳಿ, ತಾರೀಕು ನೋಡಿ.

ಬ್ಯಾಂಕಿಗೆ ಮರಣ ಪ್ರಮಾಣಪತ್ರದ ಜೊತೆ ಒಂದು ಅರ್ಜಿ ಕೊಡಿ. ಆ ಲೋನಿಗೆ ವಿಮೆ ಇತ್ತಾ ಅಂತ ಅದರಲ್ಲೇ ಬರೆದು ಕೇಳಿ. ಎಷ್ಟೋ ಲೋನುಗಳಿಗೆ ಪ್ರೀಮಿಯಂ ಹಿಡಿದಿರುತ್ತಾರೆ, ಮನೆಯವರಿಗೆ ಗೊತ್ತೇ ಇರೋಲ್ಲ. ಇದ್ದರೆ ಬಾಕಿ ಅಲ್ಲೇ ತೀರಬಹುದು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳೋದು ಮರೆಯಬೇಡಿ.

ಬ್ಯಾಂಕಿನ ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ದಾವೆಯ ನೋಟಿಸ್ ಬಂದರೆ ಮಾತ್ರ ಪಕ್ಕಕ್ಕಿಟ್ಟು ಸುಮ್ಮನಿರಬೇಡಿ. ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಫೋನ್ 15100.